ಯಾರಿಂದ ಬಂದಿತು?

ಮನೆಯಲ್ಲಿ ಯಾರಿಗಾದರೂ ಬೇನೆ ಬಂದ ಕೂಡಲೆ ನಾವು ಕೇಳುವ ಮೊದಲನೆಯ ಪ್ರಶ್ನೆ ‘ಹೇಗೆ ಗುಣವಾದೀತು?’ ಎಂಬುದಲ್ಲ, ‘ಯಾರಿಂದ ಬಂದಿತು?’ ಎಂಬುದು. ಜ್ವರವಾದರೆ ಸಾಲೆಯ ಮೇಲೆ, ಕಜ್ಜಿಯಾದರೆ ನೆರೆಮನೆಯ ಹುಡುಗನ ಮೇಲೆ, ವಾಂತಿಭೇದಿಯಾದರೆ ಜಾತ್ರೆಯ ಮೇಲೆ ತಪ್ಪು ಹೊರಿಸಿದ ಹೊರತು ನಮ್ಮ ಮನಸ್ಸಿಗೆ ಸಮಾಧಾನವಿಲ್ಲ. ಈ ಪ್ರಶ್ನೆಯು ಸ್ವಾಭಾವಿಕವಾದದ್ದು. ಕೆಲವು ಸಲ ಉಪಯುಕ್ತವೂ ಅಹುದು. ಆದರೆ ಇದನ್ನು ಕೇಳುವವನು ಕೇಳುವ ಮೊದಲೇ ತನ್ನನ್ನು ಪ್ರಶ್ನೆಯ ಹೊರಗೆ ನಿಲ್ಲಿಸಿಕೊಂಡಿರುತ್ತಾನೆ. ತಾನು ಪಡೆದವನು, ಕೊಟ್ಟವನು ಬೇರೊಬ್ಬನು ಎಂಬುದು ಅವನಲ್ಲಿ ಮೊದಲೇ ಸಿದ್ಧವಾದ ಮಾತು. ಈ ಮಾತು ಎಷ್ಟು ದುರ್ಬಲವಾದದ್ದೆಂಬುದನ್ನು ನನಗೆ ಕಲಿಸಿದ್ದು ಯಾವ ಶಾಸ್ತ್ರಗ್ರಂಥವೂ ಅಲ್ಲ, ಒಂದು ಹುಳು. ವಾಚಕರು ಮೂಗು ಮುರಿಯದೆ ಕೆಲವು ಹೊತ್ತು ನನ್ನ ಸಂಗಡ ಬರಬೇಕೆಂದು ಬೇಡಿಕೊಳ್ಳುತ್ತೇನೆ.

ನಮ್ಮ ಭಾಗವನ್ನು ಬಲ್ಲವರಿಗೆ ಅದರ ವರ್ಣನೆ ಬೇಡ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಕಟ್ಟೆಗೆ ನಿಂತ ಘಟಪ್ರಭೆಯು ಧೂಪದಾಳದ ಒಡ್ಡನ್ನು ದಾಟಿ, ಗೋಕಾಕದ ಹತ್ತಿರ ಅಜಮಾಸು ೧೭೦ ಅಡಿ ಕೆಳಗೆ ಧುಮುಕುತ್ತಾಳೆ. ಅವಳ ನೀರೇ ಕಾಲುವೆಗಳ ಮುಖಾಂತರ ಮೂಡಲಗಿಯ ಹೊಲಗಳವರೆಗೆ ಹರಿದುಹೋಗುವದು. ನೀರಿದ್ದಲ್ಲಿ ಕಬ್ಬು, ಕಬ್ಬಿನ ಬದುವಿನಲ್ಲಿ ಕಾಯಿಪಲ್ಲೆ, ಸಂತೆಯ ದಿನ ಬುಟ್ಟಿತುಂಬ ಮೆಂತೆ, ಮೂಲಂಗಿ, ಹಕ್ಕರಕಿ, ಸವತೆಕಾಯಿ. ಬಿಸಿ ರೊಟ್ಟಿಯ ಸಂಗಡ ಹಸಿಯ ತಪ್ಪಲನ್ನು ಕಡಿದು ತಿನ್ನುವ ಸುಖವನ್ನು ದಕ್ಷಿಣದ ಗೆಳೆಯರಿಗೆ ತಿಳಿಸಿ ಹೇಳುವದು ಕಷ್ಟ. ಅವರು ನಮ್ಮನ್ನು ಎಮ್ಮೆಗಳೆಂದು ನಗುತ್ತಾರೆ. ಇದೇ ಊರುಗಳ ಓಣಿಯ ಕೊನೆಯಲ್ಲಿ, ಗಟಾರದ ಬದಿಯಲ್ಲಿ, ಹಾಳು ಗೋಡೆಯ ಹಿಂದೆ ಮರಿಗಳನ್ನು ಕಟ್ಟಿಕೊಂಡು ಹಂದಿ ತಿರುಗುವದನ್ನೂ ಎಲ್ಲರೂ ನೋಡಿರುವರು. ರೊಟ್ಟಿಯ ತಾಟಿಗೂ ಆ ಹಂದಿಗೂ ಸಂಬಂಧವುಂಟೆಂದು ಮೊದಲು ಯಾರಾದರೂ ನನಗೆ ಹೇಳಿದ್ದರೆ ನಾನು ಎದ್ದುಹೋಗುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯಲ್ಲಿ ನನ್ನ ಅಕ್ಕನ ಮನೆ. ತಲೆತಲಾಂತರದಿಂದ ಮಾಂಸದ ವಾಸನೆಯನ್ನೂ ಅರಿಯದ ಮನೆ. ಅಕ್ಕನ ಅತ್ತೆಯವರು ಉಳ್ಳಾಗಡ್ಡಿಯನ್ನು ಸಹ ಚಾತುರ್ಮಾಸದಲ್ಲಿ ಒಳಗೆ ತರಗೊಡರು. ಆ ಮನೆಯ ಹುಡುಗಿ, ಇಪ್ಪತ್ತೆರಡು ವರ್ಷದವಳು, ಕಲಿತವಳು. ಲಗ್ನ ಗೊತ್ತಾಗಿತ್ತು. ಒಂದು ಮುಂಜಾನೆ ಹಿತ್ತಲಿನಲ್ಲಿ ಅರಿವೆ ಒಣಹಾಕುತ್ತಿರುವಾಗ ಅವಳ ಬಲಗೈ ನಡುಗಹತ್ತಿ, ಕೆಳಗೆ ಬಿದ್ದು ಮೈಯೆಲ್ಲ ಸೆಟೆದುಕೊಂಡಿತು. ಮುಂದೆ ನಡೆದದ್ದು ಎಲ್ಲ ಮನೆಗಳಲ್ಲಿ ನಡೆಯುವಂಥದೇ: ಒಬ್ಬರು ಕೈಯಲ್ಲಿ ಕಬ್ಬಿಣದ ಕೀಲಿ ಹಿಡಿಸಿದರು, ಇನ್ನೊಬ್ಬರು ಚಪ್ಪಲಿ ಮೂಸಿಸಿದರು, ಮತ್ತೊಬ್ಬರು ಯಾರ ಕಣ್ಣು ತಾಕಿತೆಂದು ಎಣಿಸಹತ್ತಿದರು. ಎರಡು ದಿನಗಳ ತರುವಾಯ ಬೆಳಗಾವಿಯಲ್ಲಿ ಮಿದುಳಿನ ಚಿತ್ರವನ್ನು ತೆಗೆಸಲಾಯಿತು. ವೈದ್ಯರು ಅದರಲ್ಲಿ ಬಟಾಣಿಕಾಳಿಗಿಂತ ಸಣ್ಣದಾದ ಒಂದು ಉಂಗುರವನ್ನೂ ಉಂಗುರದ ನಡುವೆ ಒಂದು ಚುಕ್ಕೆಯನ್ನೂ ತೋರಿಸಿ, ಇದು ಹಂದಿಯ ಲಾಡಿಹುಳುವಿನ ಮರಿ, ಚುಕ್ಕೆಯೇ ಅದರ ತಲೆ, ಎಂದರು.

‘ಹಂದಿ’ ಎಂಬ ಶಬ್ದ ಬಿದ್ದೊಡನೆ ಅಕ್ಕನ ಅತ್ತೆಯವರು ಎದ್ದುನಿಂತರು. ವೈದ್ಯರು ಚಿತ್ರವನ್ನು ಅದಲುಬದಲು ಮಾಡಿದ್ದಾರೆಂಬುದೇ ಅವರ ನಿರ್ಣಯ. ನಾನು ಅವರನ್ನು ನಗುವ ಸ್ಥಿತಿಯಲ್ಲಿರಲಿಲ್ಲ. ಎರಡು ಪದವಿಗಳನ್ನು ಪಡೆದ ನನಗೂ ಹಾಗೆಯೇ ಅನಿಸಿತ್ತು.

ಲಾಡಿಹುಳು ಎಂಬ ಹೆಸರು ಬಹಳ ಒಪ್ಪುವಂಥದು. ಚಪ್ಪಟೆಯಾಗಿ, ಬೆಳ್ಳಗೆ, ಲಾಡಿಯಂತೆ ಉದ್ದವಾಗಿ, ಕಬ್ಬಿನ ಗಣಿಕೆಗಳ ಹಾಗೆ ಗಣಿಕೆ ಗಣಿಕೆಯಾಗಿ ಅದು ಬೆಳೆಯುವದು. ಎರಡು ಮೂರು ಮೀಟರು ಸಾಮಾನ್ಯ, ಕೆಲವು ಸಲ ಅದಕ್ಕೂ ಹೆಚ್ಚು. ಈ ಪ್ರಾಣಿಗೆ ಎರಡು ಮನೆಗಳು. ತತ್ತಿಯೊಡೆದ ಮರಿಯು ಹಂದಿಯ ಮಾಂಸಖಂಡಗಳಲ್ಲಿ ಅಕ್ಕಿಕಾಳಿನಷ್ಟೋ ಅದಕ್ಕಿಂತ ಕೊಂಚ ದೊಡ್ಡದೋ ಆದ ನೀರುಗುಳ್ಳೆಯಾಗಿ ಕುಳಿತಿರುವದು. ಆ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದ ಮನುಷ್ಯನ ಕರುಳಿನಲ್ಲಿ ಗುಳ್ಳೆಯು ಬಿಚ್ಚಿಕೊಂಡು ದೊಡ್ಡ ಹುಳುವಾಗುವದು. ದೊಡ್ಡ ಹುಳುವಿನ ತುದಿಯ ಗಣಿಕೆಗಳು ದಿನದಿನವೂ ಕಳಚಿ ಮಲದೊಡನೆ ಹೊರಬೀಳುವವು. ಒಂದೊಂದರಲ್ಲಿ ಸಾವಿರಗಟ್ಟಲೆ ತತ್ತಿಗಳು. ಬಯಲಿನಲ್ಲಿ ಬಿದ್ದ ಆ ಮಲವನ್ನು ತಿಂದು ಹಂದಿಗೆ ಮರಿ ತಗಲುವದು. ಹೀಗೆ ಚಕ್ರವು ತಿರುಗುವದು.

ಇಲ್ಲಿಯವರೆಗೆ ಕೇಳಿದ ಸಸ್ಯಾಹಾರಿಯು ತನಗೆ ಇದರ ಗೊಡವೆ ಇಲ್ಲವೆಂದು ಏಳಬಹುದು. ಆದರೆ ಹುಳುವಿನ ಮುಖ್ಯವಾದ ಮಾತು ಇನ್ನು ಮೇಲೆಯೇ ಇರುವದು. ಮನುಷ್ಯನ ಮಲದ ಆ ತತ್ತಿಯು ಹಂದಿಯ ಹೊಟ್ಟೆಯನ್ನು ಸೇರುವ ಬದಲು ಇನ್ನೊಬ್ಬ ಮನುಷ್ಯನ ಹೊಟ್ಟೆಯನ್ನು ಸೇರಿದರೆ, ಅದು ಅವನಿಗೂ ಹಂದಿಗೂ ಭೇದವನ್ನೆಣಿಸುವದಿಲ್ಲ. ಅವನ ಸ್ನಾಯುಗಳಲ್ಲಿ, ಕಣ್ಣಿನಲ್ಲಿ, ಮಿದುಳಿನಲ್ಲಿ ಅದೇ ಗುಳ್ಳೆಗಳು ಏಳುವವು. ಮಿದುಳಿನ ಗುಳ್ಳೆಯೇ ಮೂರ್ಛೆಗೆ ಕಾರಣವಾಗುವದು. ಅಂದರೆ ಹಂದಿಯ ಮಾಂಸವನ್ನು ತಿಂದವನಿಗೆ ಮಾಂಸದಿಂದ ಬರುವದು ಹೊಟ್ಟೆಯ ಹುಳು. ಅದರಿಂದ ಅವನಿಗೆ ಬಹಳ ತೊಂದರೆಯೂ ತಿಳಿಯಲಿಕ್ಕಿಲ್ಲ. ಮಿದುಳಿನ ಗುಳ್ಳೆ ಬರುವದು ಮಾಂಸದಿಂದಲ್ಲ, ಮನುಷ್ಯನ ಮಲದಿಂದ; ತೊಳೆಯದ ಕೈಯಿಂದ, ಕೆಟ್ಟ ನೀರಿನಿಂದ, ಮಣ್ಣು ಹತ್ತಿದ ಹಸಿಯ ತಪ್ಪಲಿನಿಂದ. ಹಂದಿಯನ್ನು ಎಂದೂ ಮುಟ್ಟದವನಿಗೂ, ಮುಟ್ಟಿದವನಿಗೂ ಈ ಭಯವುಂಟು; ಸ್ವತಃ ಹುಳುವನ್ನು ಹೊತ್ತವನಿಗಂತೂ ಅದು ಇನ್ನೂ ಹೆಚ್ಚಿನದು. ಜೋಳದ ರೊಟ್ಟಿ, ಹಕ್ಕರಕಿ, ಮೆಂತೆ! ನಮ್ಮ ಅತ್ಯಂತ ಸಾತ್ವಿಕವಾದ ತಾಟೇ ಅದಕ್ಕೆ ಬಾಗಿಲಾಗಬಲ್ಲದು.

ಈ ಜ್ಞಾನವು ಹೇಗೆ ದೊರಕಿತೆಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅದರಲ್ಲಿಯೂ ವಿಚಾರ ಮಾಡತಕ್ಕದ್ದುಂಟು. ಹಂದಿಯ ಮಾಂಸದ ಗುಳ್ಳೆಗಳನ್ನು ಅರಿಸ್ಟಾಟಲನೇ ಆಲಿಕಲ್ಲಿಗೆ ಹೋಲಿಸಿ ಬರೆದಿರುವನು; ಹಂದಿಯ ನಾಲಗೆಯನ್ನು ಎಳೆದು ಅಡಿಯಲ್ಲಿ ಗುಳ್ಳೆಗಳನ್ನು ನೋಡುವ ಪರೀಕ್ಷೆಯು ಅರಿಸ್ಟೊಫೆನೀಸನ ನಾಟಕದ ಕಾಲಕ್ಕೇ ರೂಢಿಯಲ್ಲಿತ್ತು. ಆದರೆ ಈ ಗುಳ್ಳೆಯೂ ಮನುಷ್ಯನ ಕರುಳಿನ ಲಾಡಿಯೂ ಒಂದೇ ಪ್ರಾಣಿಯ ಎರಡು ಅವಸ್ಥೆಗಳೆಂಬುದು ಎರಡು ಸಾವಿರ ವರ್ಷ ಯಾರಿಗೂ ಹೊಳೆಯಲಿಲ್ಲ. ೧೮೫೩ರಲ್ಲಿ ಬೆಲ್ಜಿಯಮ್ಮಿನ ವಾನ್ ಬೆನೆಡೆನ್ ಎಂಬ ಪಂಡಿತನು ಹುಳುವಿನ ತತ್ತಿಗಳನ್ನು ಹಂದಿಗೆ ತಿನ್ನಿಸಿ ಗುಳ್ಳೆಗಳನ್ನು ಕಂಡನು. ೧೮೫೫ರಲ್ಲಿ ಜರ್ಮನಿಯ ಕೂಖೆನ್‌ಮೈಸ್ಟರ್ ಎಂಬ ವೈದ್ಯನು, ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನಿಗೆ ಅವನಿಗೆ ತಿಳಿಯದಂತೆ ಅನ್ನದಲ್ಲಿ ಗುಳ್ಳೆಗಳನ್ನು ಬೆರೆಸಿ ಕೊಟ್ಟು, ಅವನು ಸತ್ತ ಮೇಲೆ ಕರುಳನ್ನು ಸೀಳಿ ಎಳೆಯ ಹುಳುಗಳನ್ನು ಹುಡುಕಿ ತೆಗೆದನು. ಕೆಲವು ವರ್ಷಗಳ ಮೇಲೆ ಮತ್ತೊಬ್ಬ ಕೈದಿಯ ಮೇಲೆ ಅದನ್ನೇ ಮಾಡಿದನು. ಅವನ ಕಾಲದವರೇ ಕೆಲವರು ಇದನ್ನು ಕೇಳಿ ಅಸಹ್ಯಪಟ್ಟರು. ಸಾಯುವವನೇ ಅಲ್ಲವೆ, ಅವನಿಗೇನು ನಷ್ಟ, ಎನ್ನುವವರು ಇಂದಿಗೂ ಸಿಕ್ಕಾರು. ನನಗಂತೂ ಆ ಕೈದಿಯ ಕಡೆಯ ಊಟದ ತಾಟು ಕಣ್ಣಿನ ಮುಂದಿನಿಂದ ಹೋಗುವದಿಲ್ಲ. ಸತ್ಯವು ನಮಗೆ ದೊರೆತದ್ದು ಕೇಳದೆ ಉಪಯೋಗಿಸಿಕೊಂಡ ಒಬ್ಬ ಮನುಷ್ಯನ ದೇಹದಿಂದ. ದೊರೆತ ಸತ್ಯವೇನೆಂದರೆ, ಈ ಬೇನೆಯು ಹಂದಿಯಿಂದ ಮಾತ್ರ ಬರುವದಲ್ಲ, ಮನುಷ್ಯನಿಂದ ಹಂದಿಗೂ ಹೋಗುವದು.

ಚಕ್ರಕ್ಕೆ ಆದಿಯಿಲ್ಲ, ಆದ್ದರಿಂದ ತಪ್ಪು ಇಬ್ಬರದೂ ಸಮವೆಂದು ನಮ್ಮ ತರ್ಕಪಟುಗಳು ಹೇಳಬಹುದು. ನಾನು ಒಪ್ಪಲಾರೆ. ದೊಡ್ಡ ಹುಳು ವಾಸಮಾಡುವದು ಮನುಷ್ಯನ ಕರುಳಿನಲ್ಲಿ ಮಾತ್ರ. ತತ್ತಿಗಳನ್ನು ಲೋಕದಲ್ಲಿ ಚೆಲ್ಲುವವನು ಅವನೊಬ್ಬನೇ. ಹಂದಿಯು ಯಾವ ತತ್ತಿಯನ್ನೂ ಚೆಲ್ಲುವದಿಲ್ಲ. ಅದು ನಮ್ಮಿಂದ ಪಡೆಯುವದು. ನಾವು ಕೊಂದು ತಿಂದಾಗ ಮಾತ್ರ ನಮಗೆ ಮರಳಿ ಕೊಡುವದು. ಮೇಲಾಗಿ ಈ ಇಬ್ಬರಲ್ಲಿ ವಿಚಾರಮಾಡಬಲ್ಲವನೂ ಪಾಯಖಾನೆಯನ್ನು ಕಟ್ಟಬಲ್ಲವನೂ ಒಬ್ಬನೇ. ಹೀಗಿದ್ದು ನಾವು ಈ ಬೇನೆಗೆ ಹಂದಿಯ ಹೆಸರನ್ನಿಟ್ಟೆವು. ಹಂದಿಗೆ ಭಾಷೆ ಇದ್ದಿದ್ದರೆ ಅದು ಇದನ್ನು ಮನುಷ್ಯನ ಹುಳುವೆಂದೇ ಕರೆಯುತ್ತಿತ್ತು. ಅದರ ಮಾತೇ ಹೆಚ್ಚು ಶಾಸ್ತ್ರೀಯವಾಗಿರುತ್ತಿತ್ತು.

ಹಂದಿಯ ವಿಷಯದಲ್ಲಿ ಕನ್ನಡಿಗರ ನಡತೆಯು ಒಂದು ವಿಚಿತ್ರವೇ ಸರಿ. ಬಾದಾಮಿಯ ಚಲುಕ್ಯರು ವರಾಹವನ್ನು ತಮ್ಮ ಲಾಂಛನವಾಗಿ ಧರಿಸಿದರು. ವಿಜಯನಗರದ ಚಿನ್ನದ ನಾಣ್ಯಕ್ಕೆ ವರಾಹವೆಂದು ಹೆಸರು. ಭೂದೇವಿಯನ್ನು ಕೋರೆಯ ಮೇಲೆ ಎತ್ತಿ ತಂದ ಮೂರ್ತಿಯನ್ನು ಗುಹೆಯ ಗೋಡೆಯಲ್ಲಿ ಕಡೆದು ಪೂಜಿಸಿದ ಜನವೇ, ಬೈಗಳ ಬೇಕಾದಾಗ ಅದೇ ಪ್ರಾಣಿಯ ಹೆಸರನ್ನು ಬಾಯಿಗೆ ತರುವದು. ಕಲ್ಲಿನ ಹಂದಿ ದೇವರು, ಓಣಿಯ ಹಂದಿ ಹೊಲಸು! ಓಣಿಯ ಹಂದಿ ಹೊಲಸಾದದ್ದು ನಾವು ಬಯಲಿನಲ್ಲಿ ಬಿಟ್ಟುಬಂದದ್ದನ್ನು ಅದು ಎತ್ತಿದ್ದರಿಂದ. ಸಂಬಳವಿಲ್ಲದೆ ಊರನ್ನು ಬಳಿದವರನ್ನೆಲ್ಲ ಹೊಲಸೆಂದು ಕರೆಯುವ ಅಭ್ಯಾಸವು ನಮಗೆ ಹಳೆಯದು. ಇದನ್ನು ಇಲ್ಲಿ ಹೆಚ್ಚು ಬೆಳೆಸುವದಿಲ್ಲ. ಹಂದಿಯನ್ನು ಸಾಕಿ ಬದುಕುವ ಬಡವರನ್ನೂ ಅದೇ ಉಸಿರಿನಲ್ಲಿ ಸೇರಿಸುತ್ತೇವೆಂಬುದನ್ನು ಮಾತ್ರ ನೆನಪು ಮಾಡಿಕೊಡುತ್ತೇನೆ. ಪಟ್ಟಣದಲ್ಲಿ ಬೇನೆಯ ಸುದ್ದಿ ಎದ್ದ ಕೂಡಲೆ ಹಂದಿಗಳನ್ನು ಹಿಡಿದು ಲಾರಿಯಲ್ಲಿ ತುಂಬಿ ಊರ ಹೊರಗೆ ಸಾಗಿಸುವದೇ ಉಪಾಯವೆಂದು ತಿಳಿಯುತ್ತೇವೆ. ಲಾರಿ ಹೋದ ಮರುದಿನವೂ ಹುಳುವನ್ನು ಹೊತ್ತ ಮನುಷ್ಯನು ಊರಲ್ಲಿಯೇ ಇರುತ್ತಾನೆ. ಅವನ ಕೈ ಹಿಟ್ಟನ್ನು ನಾದುತ್ತಲೇ ಇರುತ್ತದೆ.

ಆ ಮನುಷ್ಯನು ಯಾರು? ಇಲ್ಲಿಗೆ ನಾನು ಮತ್ತೆ ಅಕ್ಕನ ಮನೆಗೆ ಬರಬೇಕಾಗುವದು.

ಹುಡುಗಿಗೆ ಔಷಧವು ಪ್ರಾರಂಭವಾಯಿತು. ಇಂಥ ಒಂಟಿ ಗುಳ್ಳೆಯು ಬಹುಶಃ ಕೆಲವು ತಿಂಗಳಲ್ಲಿ ಕರಗಿಹೋಗುವದೆಂದು ವೈದ್ಯರು ಧೈರ್ಯ ಹೇಳಿದರು. ಕೂಡಲೆ ಇನ್ನೊಂದು ಮಾತನ್ನೂ ಹೇಳಿದರು: ಮನೆಯಲ್ಲಿ ಇರುವವರು, ಅಡಿಗೆಯನ್ನು ಮುಟ್ಟುವವರು, ಎಲ್ಲರ ಮಲಪರೀಕ್ಷೆಯಾಗಲಿ, ಯಾರ ಹೊಟ್ಟೆಯಲ್ಲಾದರೂ ದೊಡ್ಡ ಹುಳು ಇದ್ದರೆ ಒಂದು ಸಲದ ಗುಳಿಗೆಯಿಂದ ಅದು ಹೋಗುವದು. ಈ ‘ಎಲ್ಲರ’ ಎಂಬ ಶಬ್ದವು ದವಾಖಾನೆಯಿಂದ ಮನೆಗೆ ಬರುವದರೊಳಗೆ ದಾರಿಯಲ್ಲಿ ಎಲ್ಲಿಯೋ ಬಿದ್ದುಹೋಯಿತು. ಮನೆಗೆ ಬಂದು ಮುಟ್ಟಿದ್ದು ‘ಕೆಲಸದವಳ’ ಎಂಬುದು.

ಮುಸುರೆ ತಿಕ್ಕಿ, ಕಾಯಿಪಲ್ಲೆ ಹೆಚ್ಚಿಕೊಡುವ ಆ ಹೆಂಗಸು ಹನ್ನೊಂದು ವರ್ಷದಿಂದ ಆ ಮನೆಯಲ್ಲಿದ್ದಳು. ಅವಳ ಕೈಗೆ ಒಂದು ಡಬ್ಬಿಯನ್ನು ಕೊಟ್ಟರು. ಕೊಟ್ಟವನು ನಾನೇ. ಅವಳು ಏನೂ ಅನ್ನಲಿಲ್ಲ; ನೆಲವನ್ನು ನೋಡಿದಳು. ಮೂರು ಸಲ ಪರೀಕ್ಷೆಯಾಯಿತು, ಏಕೆಂದರೆ ಒಂದು ಸಲದಲ್ಲಿ ತತ್ತಿ ಕಾಣದಿರಬಹುದು. ಮೂರು ಸಲವೂ ಏನೂ ಇರಲಿಲ್ಲ. ಮನೆಯವರಿಗೆ ಒಂದು ಬಗೆಯ ನಿರಾಶೆಯೇ ಆಯಿತೆಂದರೆ ವಾಚಕರು ನಂಬುವರೋ ಇಲ್ಲವೋ! ‘ಹಾಗಾದರೆ ಸಂತೆಯ ತಪ್ಪಲಿನಿಂದ ಬಂದಿರಬೇಕು’ ಎಂದು ಮಾತು ಮುಗಿಯಿತು. ತಮ್ಮಲ್ಲಿ ಒಬ್ಬರ ಪರೀಕ್ಷೆಯನ್ನೂ ಯಾರೂ ಮಾಡಿಸಲಿಲ್ಲ. ಮನೆಯ ಗಂಡುಮಕ್ಕಳು ಪುಣೆ, ಕೊಲ್ಲಾಪುರ, ಗೋವೆಗಳಲ್ಲಿ ತಿರುಗುವವರು. ಹೊರಗೆ ಏನು ಉಣ್ಣುತ್ತಾರೆಂಬುದನ್ನು ಕೇಳುವದು ಸಭ್ಯತೆಯಲ್ಲ. ಎರಡು ತಿಂಗಳು ಆ ಮನೆಯಲ್ಲಿಯೇ ಉಂಡು ಉಟ್ಟುಕೊಂಡಿದ್ದ ನಾನು? ನಾನೂ ಮಾಡಿಸಲಿಲ್ಲ. ಕಾರಣವನ್ನು ಕೇಳಿದರೆ ಹೇಳಲಿಕ್ಕೆ ನನ್ನಲ್ಲಿ ಏನೂ ಇರಲಿಲ್ಲ. ಡಬ್ಬಿಯನ್ನು ಹಿಡಿದು ಗೋಕಾಕದ ಪೇಟೆಯಲ್ಲಿ ಪರಿಚಯದವರ ಕಣ್ಣಿಗೆ ಬೀಳುವದು ಬೇಡವಾಗಿತ್ತು, ಅಷ್ಟೇ.

೧೯೯೨ರಲ್ಲಿ ಅಮೇರಿಕೆಯ ವೈದ್ಯರು ಪ್ರಕಟಿಸಿದ ಒಂದು ವೃತ್ತಾಂತವನ್ನು ಆಮೇಲೆ ಓದಿದೆ. ನ್ಯೂಯಾರ್ಕಿನಲ್ಲಿ ಸಂಪ್ರದಾಯನಿಷ್ಠರಾದ ಯೆಹೂದ್ಯರ ಒಂದು ಕೇರಿ. ಹಂದಿಯು ಅವರಿಗೆ ಶಾಸ್ತ್ರತಃ ನಿಷಿದ್ಧ. ಪಾತ್ರೆಗಳ ಶುದ್ಧಿಯಲ್ಲಿ ಅವರು ನಮ್ಮ ಮಡಿಯವರಿಗೆ ಏನೂ ಕಡಿಮೆಯಲ್ಲ. ಅಲ್ಲಿ ಒಬ್ಬರಿಗೊಬ್ಬರು ಸಂಬಂಧವಿಲ್ಲದ ನಾಲ್ವರಿಗೆ ಮೂರ್ಛೆ ಬಂದು, ಮಿದುಳಿನಲ್ಲಿ ಇದೇ ಗುಳ್ಳೆಗಳು ಕಂಡವು. ಆ ಮನೆಗಳಲ್ಲಿ ಲ್ಯಾಟಿನ್ ಅಮೇರಿಕೆಯ ದೇಶಗಳಿಂದ ಬಂದ ಹೆಂಗಸರು ಕೆಲಸಕ್ಕಿದ್ದರು. ಅವರಲ್ಲೊಬ್ಬಳ ಹೊಟ್ಟೆಯಲ್ಲಿ ಲಾಡಿಹುಳು ದೊರಕಿತು. ‘ನೋಡಿರಿ, ಕಡೆಗೆ ಕೆಲಸದವಳಿಂದಲೇ ಬಂದಿತಲ್ಲ!’ ಎಂದು ಸಂತೋಷಪಡುವವರು ಒಂದು ಕ್ಷಣ ತಡೆಯಬೇಕು. ಆ ಹೆಂಗಸು ತನ್ನ ಹೊಟ್ಟೆಯಲ್ಲಿ ಹುಳುವಿದೆಯೆಂದು ಅರಿತಿದ್ದಳೆ? ಅವಳು ಹುಟ್ಟಿ ಬೆಳೆದ ಹಳ್ಳಿಯಲ್ಲಿ ಪಾಯಖಾನೆಯೂ ಶುದ್ಧ ನೀರೂ ಇದ್ದವೆ? ಪರದೇಶದ ಅಡಿಗೆಮನೆಗೆ ಬರುವಾಗ ಅವಳಿಗೆ ಒಂದು ಗುಳಿಗೆಯನ್ನು ಯಾರಾದರೂ ಕೊಟ್ಟರೆ? ಅವಳ ಕೈಯಿಂದ ಅಡಿಗೆಯನ್ನು ಪಡೆದವರು ಅವಳ ಆರೋಗ್ಯವನ್ನು ತಮ್ಮ ಮನೆಯ ವಿಷಯವೆಂದು ಎಣಿಸಿದ್ದರೆ ಅವರ ಮಕ್ಕಳಿಗೆ ಮೂರ್ಛೆಯೇ ಬರುತ್ತಿರಲಿಲ್ಲ. ಅಡಿಗೆಯವಳ ಕೈ ನಮ್ಮ ಒಲೆಯವರೆಗೆ ಬರಬಹುದು, ಅವಳ ಹೊಟ್ಟೆಯ ಚಿಂತೆ ನಮ್ಮ ಹೊಸ್ತಿಲಿನವರೆಗೂ ಬರಬಾರದು ಎಂಬ ನಿಯಮವನ್ನು ಈ ಹುಳು ಮಾತ್ರ ಒಪ್ಪಲೊಲ್ಲದು.

ಅರಿಯದೆ ಮಾಡಿದ ಕೇಡಿಗೆ ಪಾಪವುಂಟೆ? ಇದು ಹಳೆಯ ಪ್ರಶ್ನೆ. ನಮ್ಮ ಜಿಲ್ಲೆಯ ಜೈನ ಗೃಹಸ್ಥರಿಗೆ ಇದರ ಉತ್ತರ ಚೆನ್ನಾಗಿ ಗೊತ್ತು. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಕೊಲ್ಲುವದೊಂದನ್ನೇ ಹಿಡಿಯದೆ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಅದರ ಬೇರಿನಲ್ಲಿಟ್ಟಿರುವದು. ನಡೆಯುವಾಗ ನೆಲವನ್ನು ನೋಡಿ ನಡೆದವನ ಕಾಲಿಗೆ ಇರುವೆ ಸಿಕ್ಕರೆ ಒಂದು ಮಾತು. ನೋಡಬಹುದಾಗಿದ್ದು ನೋಡದೆ ನಡೆದವನದು ಬೇರೆ ಮಾತು. ಇದನ್ನು ನಮ್ಮ ವಿಷಯಕ್ಕೆ ಹಚ್ಚಿದರೆ ಹೀಗಾಗುವದು: ಹುಳುವನ್ನು ಹೊತ್ತು ಅರಿಯದಿರುವ ಬಡವಿಯು ನಿರಪರಾಧಿ. ಅರಿಯುವ ಸಾಧನವು ಕೈಯಲ್ಲಿದ್ದು ಮಾನಕ್ಕೆ ಅಂಜಿ ಅರಿಯಲೊಲ್ಲದ ಪದವೀಧರನು ನಿರಪರಾಧಿಯಲ್ಲ. ಪ್ರಮಾದವು ನನ್ನ ಪಾಲಿಗೆ ಬಂದಿತು, ಅವಳ ಪಾಲಿಗಲ್ಲ.

ಅರಿಯದಿರುವದಕ್ಕೂ ಒಂದು ಕಾಲಮಿತಿಯುಂಟು. ಹಿಂದುಸ್ತಾನದಲ್ಲಿ ನೌಕರಿ ಮಾಡಿ ಇಂಗ್ಲಂಡಕ್ಕೆ ಮರಳಿದ ಬಿಳಿಯ ಸಿಪಾಯಿಗಳಿಗೆ ವರ್ಷಗಳ ಮೇಲೆ ಮೂರ್ಛೆ ಬರುತ್ತಿದ್ದುದು ಬಹುದಿನ ಒಗಟಾಗಿತ್ತು. ೧೯೩೦ರ ದಶಕದಲ್ಲಿ ಮ್ಯಾಕ್‌ಆರ್ಥರನೆಂಬ ಸೈನ್ಯವೈದ್ಯನು ಅದರ ಕಾರಣವು ಈ ಗುಳ್ಳೆಗಳೆಂದು ತೋರಿಸಿದನು. ೧೯೬೧ರಲ್ಲಿ ಅಂಥ ೪೫೦ ಜನರ ವೃತ್ತಾಂತವು ಪ್ರಕಟವಾಯಿತು. ಸಿಪಾಯಿಗೆ ತಗಲಿದ ಬೇನೆಯು ಸಿಪಾಯಿಗೆ ಅಡಿಗೆ ಮಾಡಿದವನಿಗೂ, ಅವನ ಹೆಂಡತಿಮಕ್ಕಳಿಗೂ ತಗಲಿರಲೇಬೇಕಷ್ಟೆ. ಅವರ ಲೆಕ್ಕವನ್ನು ಯಾರೂ ಇಡಲಿಲ್ಲ. ನಮ್ಮಲ್ಲಿ ಅನೇಕ ವರ್ಷ ಮಿದುಳಿನ ಇಂಥ ಸಣ್ಣ ಉಂಗುರಗಳನ್ನು ಕ್ಷಯದ ಗಂಟೆಂದು ತಿಳಿದು ಕ್ಷಯದ ಔಷಧವನ್ನೇ ಕೊಡುತ್ತಿದ್ದರು. ವೆಲ್ಲೂರಿನ ಚಾಂಡಿ, ರಾಜಶೇಖರ ಮೊದಲಾದ ವೈದ್ಯರು ೧೯೮೯ರಲ್ಲಿ, ಇವುಗಳಲ್ಲಿ ಬಹಳಷ್ಟು ಲಾಡಿಹುಳುವಿನ ಮರಿಗಳೆಂದು ತೋರಿಸಿಕೊಟ್ಟರು. ತರುವಾಯ ಅದೇ ವೆಲ್ಲೂರಿನ ಸೀಮೆಯಲ್ಲಿ ಮನೆಮನೆಗೆ ಹೋಗಿ ನೋಡಲಾಗಿ, ಮೂರ್ಛೆರೋಗಿಗಳಲ್ಲಿ ಅಜಮಾಸು ಮೂರರಲ್ಲೊಬ್ಬರಿಗೆ ಇದೇ ಕಾರಣವೆಂದು ಕಂಡುಬಂದಿತು. ಮೂರರಲ್ಲೊಬ್ಬರು! ದೆವ್ವವೆಂದು, ಪೂರ್ವಕರ್ಮವೆಂದು, ವಂಶದ ಕಲಂಕವೆಂದು ನಾವು ಮೂಲೆಗೆ ಕೂಡ್ರಿಸಿದವರಲ್ಲಿ ಅಷ್ಟು ಜನರ ಬೇನೆಯು ನೀರು, ಸಬಕಾರ, ಪಾಯಖಾನೆಗಳ ಅಭಾವದಿಂದ ಹುಟ್ಟಿದ್ದು.

ಉಪಾಯಗಳ ವಿಷಯ ಬಹಳ ಹೇಳಬೇಕಾಗಿಲ್ಲ, ಅವು ಗೊತ್ತಿದ್ದವೇ. ಮಾಂಸವನ್ನು ಒಳಗಿನವರೆಗೆ ಬೇಯಿಸಬೇಕು; ತಪ್ಪಲನ್ನು ನಾಲ್ಕು ನೀರಿನಲ್ಲಿ ತೊಳೆಯಬೇಕು, ನೀರು ಶುದ್ಧವಾಗಿರಬೇಕು; ಹಂದಿಯನ್ನು ಬಯಲಿಗೆ ಬಿಡದೆ ದೊಡ್ಡಿಯಲ್ಲಿ ಸಾಕಬೇಕು, ಮತ್ತು ದೊಡ್ಡಿಯನ್ನು ಕಟ್ಟಿಕೊಳ್ಳಲಿಕ್ಕೆ ಸಾಕುವವನಿಗೆ ಸಹಾಯವಾಗಬೇಕು. ಹಂದಿಯ ಗುಳ್ಳೆಗಳನ್ನು ಕೊಲ್ಲುವ ಔಷಧವುಂಟು. ಹಂದಿಗೆ ಬೇನೆ ತಗಲದಂತೆ ಹಾಕುವ ಲಸಿಕೆಯೂ ಉಂಟು, ಅದು ನಮ್ಮ ನೆರೆಯ ಹೈದರಾಬಾದಿನಲ್ಲಿಯೇ ತಯಾರಾಗುವದು. ಪೆರು ದೇಶದ ಟುಂಬೆಸ್ ಎಂಬ ಸೀಮೆಯ ೧೦೭ ಹಳ್ಳಿಗಳಲ್ಲಿ ಜನರಿಗೆ ಗುಳಿಗೆ, ಹಂದಿಗಳಿಗೆ ಔಷಧ ಮತ್ತು ಲಸಿಕೆ, ಹೀಗೆ ಎರಡೂ ಕಡೆಯಿಂದ ಪ್ರಯತ್ನಿಸಿ ಈ ಬೇನೆಯ ಹರಡುವಿಕೆಯನ್ನು ನಿಲ್ಲಿಸಿದ ವರದಿಯು ೨೦೧೬ರಲ್ಲಿ ಬಂದಿರುವದು. ಘಟಪ್ರಭೆಯ ದಂಡೆಯಲ್ಲಿ ೧೯೨೯ರಷ್ಟು ಹಿಂದೆಯೇ ಆರೋಗ್ಯಧಾಮವನ್ನು ಕಟ್ಟಿದ ಜನರು ನಾವು. ಪೆರುವಿನ ಹಳ್ಳಿಗರು ಮಾಡಿದ್ದು ನಮ್ಮಿಂದ ಆಗಲಾರದೆನ್ನಲಿಕ್ಕೆ ಕಾರಣವಿಲ್ಲ. ಪಾಯಖಾನೆಗಳೂ ಈಗ ಮೊದಲಿಗಿಂತ ಹೆಚ್ಚಾಗಿವೆ. ಆದರೂ ಕಬ್ಬಿನ ಕಡಿತದ ಕಾಲಕ್ಕೆ ಹೊರಗಿನಿಂದ ಬಂದು ಹೊಲದ ಬದಿಯಲ್ಲಿ ಗುಡಿಸಲು ಹಾಕಿ ತಿಂಗಳುಗಟ್ಟಲೆ ಇರುವ ಕೂಲಿಯವರು ಎಲ್ಲಿಗೆ ಹೋಗುತ್ತಾರೆಂದು ಹೊಲದ ಯಜಮಾನರಲ್ಲಿ ಎಷ್ಟು ಜನ ವಿಚಾರಿಸಿದ್ದಾರೆ? ಅದೇ ಹೊಲದ ಬದುವಿನ ಮೆಂತೆಯು ಯಜಮಾನರ ತಾಟಿಗೆ ಬರುವದು.

ಆದರೆ ಈ ಎಲ್ಲ ಉಪಾಯಗಳ ಅಡಿಯಲ್ಲಿ ಒಂದು ಮನೋಧರ್ಮದ ಬದಲಾವಣೆಯು ಬೇಕಾಗಿರುವದು. ನಮ್ಮ ಮಡಿಯು ಒಳಗೆ ಬರುವದನ್ನು ಕಾಯುವದು. ಯಾರು ಮುಟ್ಟಿದರು, ಯಾರ ನೆರಳು ಬಿತ್ತು, ಯಾವ ಪಾತ್ರೆ ಎಲ್ಲಿಂದ ಬಂದಿತು ಎಂದು ನೋಡುವದು. ಹೊರಗೆ ಹೋಗುವದರ ಚಿಂತೆ ಅದಕ್ಕಿಲ್ಲ. ನಮ್ಮ ಮನೆಯ ಗಟಾರ ಎಲ್ಲಿ ಕೂಡುವದೆಂದು ಕೇಳಿದರೆ ಮಡಿವಂತರು ಆಶ್ಚರ್ಯಪಡುತ್ತಾರೆ. ಯೋಗಶಾಸ್ತ್ರದ ನಿಯಮಗಳಲ್ಲಿ ಶೌಚವೇ ಮೊದಲನೆಯದು. ಆದರೆ ಅಂಥ ಶೌಚವು ನನ್ನ ದೇಹದ ಗಡಿಯಲ್ಲಿಯೇ ಮುಗಿಯಬಹುದೆ? ‘ನನಗೆ ಯಾರಿಂದ ಬಂದಿತು?’ ಎಂದು ಕೇಳುವವನಿಗೆ ಒಬ್ಬ ಅಪರಾಧಿ ಸಿಕ್ಕರೆ ಸಾಕು. ‘ನನ್ನಿಂದ ಯಾರಿಗೆ ಹೋಗಬಹುದು?’ ಎಂದು ಕೇಳುವವನು ಮೊದಲು ತಾನೇ ಡಬ್ಬಿಯನ್ನು ಹಿಡಿಯಬೇಕಾಗುವದು. ಎರಡನೆಯ ಪ್ರಶ್ನೆಯನ್ನು ಕೇಳಲಿಕ್ಕೆ ತನ್ನಿಂದಲೂ ಕೇಡಾಗಬಲ್ಲದೆಂಬ ವಿನಯವು ಬೇಕು. ಮಡಿಯಲ್ಲಿ ಇಲ್ಲದ್ದು ಅದೊಂದೇ.

ಹುಡುಗಿಯ ಲಗ್ನದ ಸುದ್ದಿಯನ್ನು ಹೇಳದೆ ಬಿಟ್ಟರೆ ವಾಚಕರು ನನ್ನನ್ನು ಕ್ಷಮಿಸಲಿಕ್ಕಿಲ್ಲ. ಬೀಗರಿಗೆ ತಿಳಿಸಬೇಕೋ ಬಾರದೋ ಎಂದು ಎಂಟು ದಿನ ಚರ್ಚೆಯಾಯಿತು. ಮೂರ್ಛೆರೋಗವು ಹಿಂದೂ ವಿವಾಹದ ಕಾಯದೆಯಲ್ಲಿಯೇ ಒಂದು ಅಡ್ಡಿಯಾಗಿ ಬರೆದಿತ್ತು. ೧೯೯೯ರ ತಿದ್ದುಪಡಿಯಿಂದ ಅದನ್ನು ತೆಗೆದುಹಾಕಿದರು. ಕಾಯದೆಯಿಂದ ಹೋದದ್ದು ಮನಸ್ಸಿನಿಂದ ಹೋಗಲಿಲ್ಲ. ಮುಚ್ಚಿಡೋಣವೆಂದು ಬಹುಮತ. ಗುಣವಾಗುವ ಬೇನೆ, ಕೆಲವು ದಿನಗಳ ಗುಳಿಗೆ, ಹೇಳಿ ಕೆಡಿಸಿಕೊಳ್ಳುವದೇಕೆ? ಈ ವಾದದಲ್ಲಿ ಸತ್ಯವಿಲ್ಲವೆಂದು ನಾನು ಅನ್ನಲಾರೆ. ಸಮಾಜವು ಅನ್ಯಾಯವಾಗಿ ಶಿಕ್ಷಿಸುವ ಮಾತನ್ನು ಮುಚ್ಚಿಡುವದು ಬಡವರ ಆತ್ಮರಕ್ಷಣೆ. ಆದರೆ ಹುಡುಗಿ ಒಪ್ಪಲಿಲ್ಲ. ತಾನೇ ಫೋನು ಮಾಡಿ ವರನಿಗೆ ಎಲ್ಲವನ್ನೂ ಹೇಳಿದಳು. ಅವನು ಕೇಳಿಕೊಂಡನು, ಮನೆಯಲ್ಲಿ ಹೇಳುತ್ತೇನೆಂದನು. ನಾಲ್ಕು ದಿನದ ಮೇಲೆ ಅವನ ತಾಯಿಯಿಂದ ಉತ್ತರ ಬಂದಿತು: ಮಾಂಸ ತಿನ್ನುವ ಮನೆಯೆಂದು ತಮಗೆ ಮೊದಲೇ ಯಾರೂ ಹೇಳಿರಲಿಲ್ಲ. ಸಂಬಂಧವು ಅಲ್ಲಿಗೆ ಮುಗಿಯಿತು.

ಅಕ್ಕನ ಅತ್ತೆಯವರು ಅಂದು ಊಟಮಾಡಲಿಲ್ಲ. ತಾವು ಡಬ್ಬಿಯನ್ನು ಕೆಲಸದವಳ ಕೈಗೆ ಕೊಡಿಸಿದ್ದೂ, ಬೀಗಿತಿಯು ತಮ್ಮ ಮನೆಯನ್ನು ಕುರಿತು ಆಡಿದ್ದೂ ಒಂದೇ ಮಾತೆಂಬುದು ಎಂಬತ್ತು ದಾಟಿದ ಆ ಮುದುಕಿಗೆ ನನಗಿಂತ ಮೊದಲು ಹೊಳೆಯಿತು. ರಾತ್ರಿ ನನ್ನನ್ನು ಕರೆದು, ಆ ಪರೀಕ್ಷೆಗೆ ಎಷ್ಟು ಹಣ ಬೀಳುವದೆಂದು ಕೇಳಿದರು. ಹೆಚ್ಚೇನಿಲ್ಲವೆಂದೆ. ‘ಹಾಗಾದರೆ ನನ್ನದೂ ಮಾಡಿಸು, ನಿನ್ನದೂ ಮಾಡಿಸು. ಅವಳದಾದ ಮೇಲೆ ನಮ್ಮದೇನು ದೊಡ್ಡದು?’ ಎಂದರು.

ಮರುದಿನ ಮುಂಜಾನೆ ಒಂದೇ ಚೀಲದಲ್ಲಿ ಎರಡು ಡಬ್ಬಿಗಳನ್ನು ಇಟ್ಟುಕೊಂಡು ನಾನು ಗೋಕಾಕದ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನು ಎದ್ದು ಸ್ಥಳ ಕೊಟ್ಟು, ಚೀಲದಲ್ಲಿ ಏನಿದೆಯೆಂದು ಕೇಳಿದನು. ಹೇಳಿದೆ.